ನೇಪಲ್ಸಿನ ಪುಡಿಪಂಪು

1943ರ ಚಳಿಗಾಲದಲ್ಲಿ, ಯುದ್ಧದಿಂದ ಜರ್ಜರಿತವಾಗಿ ನೀರಿಗೂ ಸಾಬೂನಿಗೂ ಪರದಾಡುತ್ತಿದ್ದ ಇಟಲಿಯ ನೇಪಲ್ಸ್ ನಗರವನ್ನು ಟೈಫಸ್ ಜ್ವರವು ಆಕ್ರಮಿಸಿದಾಗ, ಅದರ ನಿವಾರಣೆಗೆ ಒದಗಿದ ಆಯುಧವು ಸೈಕಲ್ ಪಂಪನ್ನು ಹೋಲುವ ಒಂದು ಸಾಮಾನ್ಯ ಕೈಯುಪಕರಣವಾಗಿದ್ದಿತು. ಹಿಡಿಯನ್ನು ಒತ್ತಿದೊಡನೆ ಕೊಳವೆಯ ಗಾಳಿಯು ಡಬ್ಬಿಯಲ್ಲಿನ ಪುಡಿಯನ್ನು ಕದಡಿ, ಮೂತಿಯ ಮೂಲಕ ಸೂಕ್ಷ್ಮ ಧೂಳಾಗಿ ಹೊರಚೆಲ್ಲುವುದು. ಇದಕ್ಕಿಂತ ಮಿಗಿಲಾದ ಯಂತ್ರವಿದ್ಯೆ ಅದರಲ್ಲಿಲ್ಲ.

ಈ ಜ್ವರವನ್ನು ಹರಡುವುದು ಉಡುಪಿನ ಹೊಲಿಗೆಗಳಲ್ಲಿ ಅಡಗಿರುವ ಕೂರೆ. ಹಿಂದೆ ಅದನ್ನು ಕೊಲ್ಲಲು ಬಟ್ಟೆ ಕಳಚಿಸಿ ಹಬೆಯಲ್ಲಿಡಬೇಕಾಗಿದ್ದಿತು. ಬೇರೊಂದು ಉಡುಪಿಲ್ಲದ ಬಡವನನ್ನು ಆ ಚಳಿಯಲ್ಲಿ ವಿವಸ್ತ್ರನನ್ನಾಗಿಸುವುದು ಎಂಥ ಚಿಕಿತ್ಸೆ! ಈಗಲಾದರೋ, ಸಾಲಿನಲ್ಲಿ ನಿಂತವನ ಕೊರಳಪಟ್ಟಿಯೊಳಗೆ, ತೋಳುಗಳೊಳಗೆ, ಸೊಂಟದ ಬಳಿ ಮೂತಿಯನ್ನು ತೂರಿಸಿ ಒತ್ತಿದರೆ ಸಾಕಾಗುತ್ತಿದ್ದಿತು. ಶೇಕಡ 10ರಷ್ಟು ಡಿ.ಡಿ.ಟಿ. ಬೆರೆತ ಪುಡಿಯು ಬಟ್ಟೆಯಲ್ಲಿ ವಾರಗಟ್ಟಲೆ ಉಳಿಯುತ್ತಿದ್ದುದರಿಂದ, ತತ್ತಿಯೊಡೆದು ಬಂದ ಮರಿಗಳೂ ಅಳಿದವು. 1944ರ ಆದಿಭಾಗದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನರಿಗೆ ಪುಡಿ ಎರಚಲಾಗಿ, ರೋಗವು ಇಳಿಮುಖವಾಯಿತು.

ಕೀರ್ತಿಯೆಲ್ಲ ಡಿ.ಡಿ.ಟಿ.ಗೇ ಸಂದಿತು, ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮುಲ್ಲರನಿಗೆ 1948ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಪಂಪನ್ನು ಸ್ಮರಿಸಿದವರು ವಿರಳ. ಆದರೆ ಕೊರಿಯ ಯುದ್ಧಕಾಲದಲ್ಲಿ ಕೂರೆಗಳು ಡಿ.ಡಿ.ಟಿ.ಗೆ ಜಗ್ಗದಾದಾಗ ಬದಲಾಯಿಸಬೇಕಾದುದು ಪುಡಿಯನ್ನೇ ಹೊರತು ಪಂಪನ್ನಲ್ಲ.