ದೀಪ ಆರಿದರೆ ದೇವರು ಮುನಿಯುವನೇ?

ಮೆಜೆಸ್ಟಿಕ್ಕಿನಲ್ಲಿ ಬಂದಿಳಿದು, ನೆಂಟರ ಮನೆಗೆ ಹೋಗಲು ಕೈಚೀಲ ಹಿಡಿದು ಸಿಟಿ ಬಸ್ಸಿಗೆ ಕಾಯದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ! ಕತ್ತರಿಗುಪ್ಪೆ ಕಡೆಯ ಬಸ್ಸು ಬಂದಾಗ ‘ವಿದ್ಯಾಪೀಠ’ ಎಂಬ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠದಿಂದ ಆ ಜಾಗಕ್ಕೆ ಬಂದ ಹೆಸರು ಅದು. ಪೂರ್ಣಪ್ರಜ್ಞರೆಂದರೆ ಉಡುಪಿ ಬಳಿಯ ಪಾಜಕದಲ್ಲಿ 13ನೇ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರು. ದೇವರು ಎಂಥವನು ಎಂದು ಕೇಳಿದರೆ ಅವರ ಉತ್ತರ ಎರಡೇ ಪದಗಳಲ್ಲಿದೆ: ಗುಣಪೂರ್ಣ, ನಿರ್ದೋಷ. ಒಳ್ಳೆಯದೆಲ್ಲ ತುಂಬಿದವನು, ಕುಂದೊಂದೂ ಇಲ್ಲದವನು.

ಇದೆಲ್ಲ ಪಂಡಿತರ ಮಾತು, ಒಲೆ ಮುಂದೆ ನಿಂತ ನಮಗೇಕೆ ಅಂತೀರಾ? ನಮಗೇ ಬೇಕಾದ ಮಾತು, ನೋಡಿ. ನಾನು ಬಲ್ಲ ಒಂದು ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಕಲಶದ ಮುಂದಿನ ದೀಪ ಗಾಳಿಗೆ ಆರಿತು. ಎರಡು ವಾರ ಕಳೆದು ಮಾವನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ‘ದೀಪ ನೋಡಿಕೊಳ್ಳಲಾರದವಳು’ ಎಂಬ ಮಾತನ್ನು ಆ ಸೊಸೆ ವರ್ಷವಿಡೀ ಹೊತ್ತಳು. ಬಚ್ಚಲಿನ ಪಾಚಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ!

ಈಗ ಯೋಚಿಸಿ. ಸೇಡು, ಅಸೂಯೆ, ಕಾರಣವಿಲ್ಲದ ಸಿಟ್ಟು ಇವೆಲ್ಲ ದೋಷಗಳಲ್ಲವೇ? ನಿರ್ದೋಷನಾದವನಲ್ಲಿ ಅವು ಇರುವುದಾದರೂ ಹೇಗೆ? ಪೂರ್ಣನಾದವನಿಗೆ ನಮ್ಮ ದೀಪದಿಂದ ಬೆಳಕಾಗಬೇಕಿಲ್ಲ. ಅದು ಆರಿದರೆ ಕತ್ತಲೂ ಆಗುವುದಿಲ್ಲ. ನರಸಿಂಹ ಕೋಪಿಸಿಕೊಳ್ಳಲಿಲ್ಲವೇ ಅಂತ ನೀವು ಕೇಳಬಹುದು. ಅದು ಪ್ರಹ್ಲಾದನನ್ನು ಕಾಯಲು ಬಂದ ಕೋಪ, ಬತ್ತಿ ಸಣ್ಣದಾಯಿತು ಅಂತ ಬಂದದ್ದಲ್ಲ.

ಇದು ಮಾಧ್ವರೊಬ್ಬರ ಮಾತೂ ಅಲ್ಲ. ಮೇಲುಕೋಟೆಯಲ್ಲಿ ಹಲವು ವರ್ಷ ಇದ್ದ ರಾಮಾನುಜಾಚಾರ್ಯರು ದೇವರನ್ನು ಹೇಯವಾದದ್ದೇನೂ ಸೋಕದ, ಕಲ್ಯಾಣಗುಣಗಳ ನಿಧಿ ಎಂದರು. ಪರಬ್ರಹ್ಮ ಗುಣಗಳನ್ನೇ ಮೀರಿದ್ದು ಎನ್ನುವ ಶಂಕರರೂ ಅಲ್ಲಿ ದೋಷಕ್ಕೆ ಜಾಗ ಕೊಡಲಿಲ್ಲ. ವೀರಶೈವರು ಶಿವನನ್ನು ನಿರಂಜನ ಎನ್ನುತ್ತಾರೆ. ಅಂಜನವೆಂದರೆ ಕಾಡಿಗೆ, ಕಾಡಿಗೆಯಷ್ಟು ಕಪ್ಪೂ ಅಂಟದವನು ಎಂದರ್ಥ. ಸಿದ್ಧಾಂತಗಳಲ್ಲಿ ನೂರು ವಾದವಿದ್ದರೂ ಈ ವಿಷಯದಲ್ಲಿ ತಕರಾರಿಲ್ಲ.

ಹಾಗಾದರೆ ಒಬ್ಬರಿಗೆ ಸುಖ, ಒಬ್ಬರಿಗೆ ಕಷ್ಟ ಏಕೆ? ದೇವರು ಪಕ್ಷಪಾತಿಯೇ, ನಿರ್ದಯಿಯೇ? ಬ್ರಹ್ಮಸೂತ್ರದಲ್ಲೇ ಈ ಪ್ರಶ್ನೆ ಎದ್ದಿದೆ. ಅವರವರ ಕರ್ಮವನ್ನು ನೋಡಿ ಫಲ ಕೊಡುವುದರಿಂದ ಅವನಿಗೆ ಆ ದೋಷ ತಟ್ಟದು ಎಂಬುದು ಅಲ್ಲಿಯ ಉತ್ತರ. ಶಂಕರರು ಇದಕ್ಕೆ ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲ ಹೊಲಕ್ಕೂ ಒಂದೇ. ಭತ್ತ ಬೆಳೆಯುವುದೋ ಜವೆಗೋಧಿ ಬೆಳೆಯುವುದೋ ಎಂಬುದು ಬೀಜದ ಮೇಲೆ. ಆದರೆ ಒಂದು ಎಚ್ಚರ ಬೇಕು, ಸೋದರಿಯರೇ. ದೇವರ ಮೇಲಿನ ಆಪಾದನೆ ತೆಗೆಯಲು ಹೇಳಿದ ಮಾತು ಇದು. ನೊಂದು ಕೂತವಳ ಮುಂದೆ ‘ನಿನ್ನ ಕರ್ಮ’ ಎಂದು ಬೆರಳು ತೋರಿಸಲು ನಮಗೆ ಕೊಟ್ಟ ಅಧಿಕಾರವಲ್ಲ. ಯಾರ ಕರ್ಮ ಏನೆಂದು ಬಲ್ಲವರು ನಾವಲ್ಲ.

ಮೆಜೆಸ್ಟಿಕ್ ಬಸ್ ನಿಲ್ದಾಣದ ಹತ್ತಿರವೇ ಬೆಂಗಳೂರಿನ ಗ್ರಾಮದೇವತೆ ಅಣ್ಣಮ್ಮನ ಗುಡಿಯಿದೆ. ಊರನ್ನು ಕಾಯುವ ತಾಯಿ ಅಂತ ಜನ ಕೈಮುಗಿಯುತ್ತಾರೆ. ಹಿಂದೆ ಅನೇಕ ಊರುಗಳಲ್ಲಿ ಸಿಡುಬು ಬಂದರೆ ‘ಅಮ್ಮ ಮುನಿದಳು’ ಅನ್ನುತ್ತಿದ್ದರು; ಮನೆಯ ಹೆಂಗಸು ಏನು ತಪ್ಪು ಮಾಡಿದಳೋ ಎಂದು ಹುಡುಕುತ್ತಿದ್ದರು. ಕೊನೆಗೆ ಲಸಿಕೆಯಿಂದ ಆ ರೋಗ ಹೋಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಲೋಕದಿಂದಲೇ ತೊಲಗಿತೆಂದು ಸಾರಿತು. ತಾಯಿ ಅಂದಮೇಲೆ ಮಕ್ಕಳಿಗೆ ರೋಗ ಹಚ್ಚುವಳೇ? ಮಗುವಿಗೆ ಜ್ವರ ಬಂದರೆ ಹರಕೆ ಆಮೇಲೆ ಹೊತ್ತುಕೊಳ್ಳಿ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪೂಜೆಯ ಕೊನೆಗೆ ನಾವು ಅಚ್ಯುತ, ಅನಂತ, ಗೋವಿಂದ ಎಂದು ಹೇಳುತ್ತೇವಲ್ಲ, ಅದರ ಅರ್ಥ ಗಮನಿಸಿದ್ದೀರಾ? ಅಚ್ಯುತನೆಂದರೆ ಜಾರದವನು. ಮಂತ್ರ ತಪ್ಪುವುದು, ಕೈ ತಪ್ಪುವುದು ನಮ್ಮ ಪಾಲಿಗೆ ಇದ್ದದ್ದೇ. ಅದನ್ನು ತುಂಬಿಕೊಡು ಎಂದು ತಪ್ಪದವನನ್ನು ಕೇಳಿಕೊಳ್ಳಲು ಹಿರಿಯರು ಪೂಜೆಯೊಳಗೇ ಜಾಗ ಇಟ್ಟಿದ್ದಾರೆ. ದೀಪ ಆರಿತೇ? ಎಣ್ಣೆ ಹಾಕಿ ಮತ್ತೆ ಹಚ್ಚಿ. ಕಾಯಿ ಕೆಟ್ಟಿತ್ತೇ? ಇನ್ನೊಂದು ಒಡೆಯಿರಿ. ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ಜೀವ ಬೇರೆ, ದೇವರು ಬೇರೆ ಎಂದರು ಮಧ್ವರು. ಕುಂದಿಲ್ಲದಿರುವುದು ಅವನೊಬ್ಬನ ಸ್ವತ್ತು. ಹೆಣ್ಣು ನೋಡಲು ಹೋದಾಗ ಬಣ್ಣ, ಹಲ್ಲು, ಎತ್ತರ ಎಂದು ಐಬು ಎಣಿಸುವವರು, ಸೊಸೆ ಒಂದೂ ತಪ್ಪಬಾರದು ಎನ್ನುವವರು ದೇವರಲ್ಲಿ ಮಾತ್ರ ಇರುವುದನ್ನು ಆ ಹುಡುಗಿಯಲ್ಲಿ ಹುಡುಕುತ್ತಿದ್ದಾರೆ. ಅವಳನ್ನು ದೇವರ ಪೀಠದಲ್ಲಿ ಕೂರಿಸಿ, ಅಲ್ಲಿಂದಲೇ ಪಾತ್ರೆ ತೊಳೆಸಿದ ಹಾಗಲ್ಲವೇ ಇದು!

ಶ್ರಾವಣದ ಪೂಜೆಗೆ ಕೂತಾಗ ಪಕ್ಕದಲ್ಲಿ ಸೊಸೆಯೋ ಮಗಳೋ ಇದ್ದರೆ, ಹೂವು ಕೊಡುತ್ತಾ ಈ ಎರಡು ಪದಗಳ ಅರ್ಥವನ್ನೂ ಹೇಳಿಕೊಡಿ. ಭಯವಿಲ್ಲದ ಕೈಯಿಂದ ಏರಿಸಿದ ಹೂವು ನೇರವಾಗಿ ಅವನನ್ನು ಸೇರುತ್ತದೆ.