ನಡುವಯಸ್ಸಿನ ಉಡುಪು ಮತ್ತು ಹೊಟ್ಟೆಯ ಅಳತೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಉಡುಪು ಪರರ ಕಣ್ಣಿಗೆ ಒಪ್ಪಿದರೆ ಸಾಕೆಂದೇ ನಾವು ಬಹುಕಾಲ ಭಾವಿಸಿರುತ್ತೇವೆ. ನಲವತ್ತು ದಾಟಿದ ಮೇಲೆ ಅದು ಆರೋಗ್ಯದ ವಿಷಯವೂ ಆಗುತ್ತದೆಂಬುದನ್ನು ನನಗೆ ತಿಳಿಸಿಕೊಟ್ಟದ್ದು ಒಂದು ಅಳತೆಯ ಟೇಪು.

ಹದಿನೈದು ವರ್ಷಗಳಿಂದ ನನ್ನ ಪ್ಯಾಂಟಿನ ಅಳತೆ 34 ಅಂಗುಲ. ಬ್ಯಾಂಕಿನ ಕುರ್ಚಿಯಾಗಲಿ, ಸಂಜೆಯ ಚಹಾದೊಡನೆ ತಿನ್ನುವ ಗಾಂಠಿಯಾ ಆಗಲಿ ಈ ಅಂಕಿಯನ್ನು ಅಲುಗಿಸಿರಲಿಲ್ಲ. ಕಳೆದ ವರ್ಷ ವೈದ್ಯರು ಅಳೆದಾಗ ಹೊಟ್ಟೆಯ ಸುತ್ತಳತೆ 40 ಅಂಗುಲ ಬಂದಿತು. ರಕ್ತದ ಸಕ್ಕರೆಯೂ ಗಡಿಯನ್ನು ಮುಟ್ಟಿತ್ತು. ಈ ಆರು ಅಂಗುಲ ಎಲ್ಲಿ ಅಡಗಿತ್ತು? ಹೊಟ್ಟೆ ಮುಂದೆ ಬಂದಂತೆಲ್ಲ ನಾನು ಪ್ಯಾಂಟನ್ನು ಅದರ ಕೆಳಕ್ಕೆ ಇಳಿಸುತ್ತ ಬಂದಿದ್ದೆನು! ಮಹಿಳೆಯರ ಸೀರೆಯಾದರೋ ಎಂದಿಗೂ ಬಿಗಿಯಾಗುವುದಿಲ್ಲ. ನೆರಿಗೆ ಒಂದು ಕಡಿಮೆಯಾಗುತ್ತದೆ, ಅಷ್ಟೆ. ಹೀಗೆ ನಮ್ಮ ಉಡುಪೇ ನಮ್ಮಿಂದ ಸತ್ಯವನ್ನು ಮರೆಮಾಡುತ್ತದೆ.

ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ಇದು ದಾರಿ. ಭಾರತೀಯರಲ್ಲಿ ಈ ಅಪಾಯವು ಕಡಿಮೆ ತೂಕದಲ್ಲಿಯೇ ತಲೆದೋರುವುದರಿಂದ ನಮಗೆ ಮಿತಿಯೂ ಕಡಿಮೆ: ಪುರುಷರಿಗೆ 90 ಸೆಂಟಿಮೀಟರ್, ಎಂದರೆ ಸುಮಾರು ಮೂವತ್ತೈದೂವರೆ ಅಂಗುಲ, ಮಹಿಳೆಯರಿಗೆ 80 ಸೆಂಟಿಮೀಟರ್, ಎಂದರೆ ಮೂವತ್ತೊಂದೂವರೆ ಅಂಗುಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪನ್ನು ಸುತ್ತಿ, ಸಹಜವಾಗಿ ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಅಳತೆ ತಿಳಿದ ಮೇಲೆ ಅದಕ್ಕೊಪ್ಪುವ ಉಡುಪನ್ನು ಹೊಲಿಸಲು ನಾಚಬೇಕಾಗಿಲ್ಲ. ಬಿಗಿದ ಬೆಲ್ಟು ಜಠರವನ್ನು ಒತ್ತಿ, ಊಟದ ನಂತರ ಎದೆಯುರಿಯನ್ನು ಹೆಚ್ಚಿಸಬಲ್ಲದು. ಹೊಟ್ಟೆಯುಳ್ಳ ಪುರುಷರು ಪ್ಯಾಂಟನ್ನು ನಾಭಿಯ ಸಮೀಪಕ್ಕೆ ಏರಿಸಿ, ಮುಂದೆ ಒಂದೆರಡು ಮಡಿಕೆ ಇಡಿಸಿದರೆ ಕೂರಲು ಸುಖ, ನೋಟಕ್ಕೂ ನೇರ. ಪಕ್ಕದಲ್ಲಿ ಸೀಳಿರುವ ನೇರ ಕುರ್ತಾ ಇಬ್ಬರಿಗೂ ಒಪ್ಪುತ್ತದೆ. ಮೈತುಂಬಿದ ಮಹಿಳೆಯರಿಗೆ ಗಂಜಿ ಹಾಕಿದ ಸೆಟೆದ ಸೀರೆಗಿಂತ ಮೈಗೆ ಒಗ್ಗಿ ಇಳಿಯುವ ಮೃದುವಾದ ಸೀರೆ ಹಿತಕರ. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಥಟ್ಟನೆ ಕಾಯುವವರಿಗೆ ಸಡಿಲವಾದ ಹತ್ತಿಯ ರವಿಕೆಯೇ ಲೇಸು.

ಒಳಲಂಗದ ಲಾಡಿಯನ್ನು ದಿನವೂ ಒಂದೇ ಜಾಗದಲ್ಲಿ ಬಿಗಿಯಬಾರದು. ವರ್ಷಗಟ್ಟಲೆ ಸೊಂಟಕ್ಕೆ ಉಡುಪನ್ನು ಬಿಗಿದ ಜಾಗದಲ್ಲಿ ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರಿಗೆ ತಿರುಗಿದ ಇಬ್ಬರು ಮಹಿಳೆಯರ ವಿಷಯವನ್ನು ಭಾರತದ ವೈದ್ಯರು 2024ರಲ್ಲಿ ವರದಿ ಮಾಡಿದರು. ಇದು ಅತಿ ವಿರಳ. ಆದರೂ ಸೊಂಟದಲ್ಲಿ ಮಾಯದ ಗಾಯವಿದ್ದರೆ ವೈದ್ಯರಿಗೆ ತೋರಿಸಬೇಕು. ಅಗಲವಾದ ಪಟ್ಟಿಯುಳ್ಳ ಲಂಗವು ಒತ್ತಡವನ್ನು ಹಂಚುತ್ತದೆ.

ಇನ್ನು ನಾವಿರುವ ಊರುಗಳ ಬಿಸಿಲು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿಗೇರಿತು, ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. 2013ರಲ್ಲಿ ಅಲ್ಲಿಯ ನಗರಪಾಲಿಕೆ ಬಿಸಿಲಾಘಾತದ ವಿರುದ್ಧ ಯೋಜನೆಯನ್ನೇ ರೂಪಿಸಿತು. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಹತ್ತಿಯು ಬೆವರನ್ನು ಹೀರುತ್ತದೆ, ಪಾಲಿಯೆಸ್ಟರ್ ಬಹುಮಟ್ಟಿಗೆ ಹೀರದು. ಒಣಬಿಸಿಲಿನ ಅಹಮದಾಬಾದು, ವಡೋದರಾಗಳಲ್ಲಿ ಮೈಮುಚ್ಚುವ ತೆಳುಬಣ್ಣದ ಸಡಿಲ ಹತ್ತಿ ಬಟ್ಟೆ ಮೇಲು. ಕಡಲು ಸಮೀಪವಿರುವ ಸೂರತ್ತಿನಲ್ಲಿ ಗಾಳಿಯೇ ತೇವ; ಅಲ್ಲಿ ಬಟ್ಟೆ ಇನ್ನೂ ತೆಳುವಾಗಿರಬೇಕು. ಸೂರತ್ತಿನ ಕೃತಕ ನೂಲಿನ ಸೀರೆಗಳು ದೇಶಕ್ಕೆಲ್ಲ ಪ್ರಸಿದ್ಧ, ಬೆಲೆಯೂ ಸುಲಭ. ಅವನ್ನು ಚಳಿಗಾಲಕ್ಕೂ ಹವಾನಿಯಂತ್ರಿತ ಕಚೇರಿಗೂ ಇಟ್ಟುಕೊಳ್ಳೋಣ. ಊರಿನಿಂದ ತಂದ ಹತ್ತಿಯ ಇಳಕಲ್ಲು ಮೇ ತಿಂಗಳಲ್ಲಿ ಪೆಟ್ಟಿಗೆಯಿಂದ ಹೊರಬರಲಿ.

ಆಸ್ತಿಯ ಮೌಲ್ಯವನ್ನು ಹದಿನೈದು ವರ್ಷ ಮರುಪರಿಶೀಲಿಸದ ಲೆಕ್ಕವನ್ನು ಯಾವ ಆಡಿಟರನೂ ಒಪ್ಪನು. ದೀಪಾವಳಿಯಲ್ಲಿ ಗುಜರಾತಿನ ವರ್ತಕರು ಹೊಸ ಲೆಕ್ಕದ ಪುಸ್ತಕಗಳಿಗೆ ಪೂಜೆ ಸಲ್ಲಿಸುತ್ತಾರೆ. ಆ ದಿನವೇ ನಾವೂ ಮನೆಮಂದಿಯ ಹೊಟ್ಟೆಯ ಸುತ್ತಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ಅಂಕಿ ಮಿತಿ ಮೀರಿದ್ದರೆ ಮೊದಲು ವೈದ್ಯರಲ್ಲಿಗೆ, ಅನಂತರ ದರ್ಜಿಯಲ್ಲಿಗೆ ಹೋಗೋಣ. ನನ್ನ ಪುಸ್ತಕದಲ್ಲಿ ಈ ವರ್ಷದ ಅಂಕಿ 38. ದಿನವೂ ಮುಕ್ಕಾಲು ಗಂಟೆ ನಡೆದುದರ ಫಲವಿದು. ಇನ್ನೂ ಎರಡೂವರೆ ಅಂಗುಲದ ಸಾಲ ಬಾಕಿಯಿದೆ.