ಟ್ಯಾಂಕ್ ಎಂಬ ಶಬ್ದದ ಅರ್ಥವಿಚಾರ

ಬೆಂಗಳೂರಿನ ಉತ್ತರಭಾಗದ ಹೆಬ್ಬಾಳ, ಯಲಹಂಕ ಮೊದಲಾದ ಊರುಗಳ ಕೆರೆಗಳನ್ನು ಹಳೆಯ ಇಂಗ್ಲಿಷ್ ದಾಖಲೆಗಳು ‘ಟ್ಯಾಂಕ್’ ಎಂದೇ ಕರೆಯುತ್ತವೆ. ಇಂಗ್ಲೆಂಡಿನಲ್ಲಿ ಬೆಳೆದವನಿಗೆ ಆ ಶಬ್ದದಿಂದ ತೋರುವುದು ತಗಡಿನ ತೊಟ್ಟಿ, ಇಲ್ಲವೆ ರಣರಂಗದ ಉಕ್ಕಿನ ರಥ. ಏರಿಯ ಹಿಂದೆ ಹರವಾಗಿ ನಿಂತ ನೀರು ಅವನ ಮನಸ್ಸಿಗೆ ಬಾರದು. ಒಂದೇ ಶಬ್ದಕ್ಕೆ ಇಷ್ಟು ದೂರದೂರದ ಅರ್ಥಗಳು ಒದಗಿದ ಬಗೆಯು ವಿಚಾರಾರ್ಹವಾದುದು.

ಹದಿನೇಳನೆಯ ಶತಮಾನದಲ್ಲಿ ಭರತಖಂಡಕ್ಕೆ ಬಂದ ಇಂಗ್ಲಿಷರ ಬರಹಗಳಲ್ಲಿ ಈ ಶಬ್ದವು ಬಳಕೆಗೆ ಬಂದಿತು. ಮೂಲದ ವಿಷಯದಲ್ಲಿ ಎರಡು ಪಕ್ಷಗಳುಂಟು. ಪೋರ್ಚುಗೀಸರ ‘ತಾಂಕೆ’ ಎಂಬುದೇ ಮೂಲವೆಂಬುದು ಒಂದು; ಅದು ‘ಎಸ್ತಾಂಕೆ’ ಎಂಬುದರ ಹ್ರಸ್ವರೂಪವಾಗಿ, ಹರಿಯುವ ನೀರನ್ನು ತಡೆದು ನಿಲ್ಲಿಸು ಎಂಬರ್ಥದ ಧಾತುವಿಗೆ ಸಂಬಂಧಪಟ್ಟುದು. ಗುಜರಾತಿಯ ‘ಟಾಂಕುಂ’, ಮರಾಠಿಯ ‘ಟಾಂಕೇಂ’ ಎಂಬ, ನೀರಿನ ತೊಟ್ಟಿಯನ್ನು ಹೇಳುವ ದೇಶ್ಯಶಬ್ದಗಳೇ ಮೂಲವೆಂಬುದು ಇನ್ನೊಂದು. ಯೂಲ್ ಮತ್ತು ಬರ್ನೆಲ್ ಪಂಡಿತರು 1886ರ ತಮ್ಮ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಎರಡನ್ನೂ ಚರ್ಚಿಸಿದ್ದಾರೆ. ದೇಶ್ಯರೂಪಗಳನ್ನು ಸಂಸ್ಕೃತದ ‘ತಡಾಗ’ದಿಂದ ತರುವವರೂ ಉಂಟು. ಆದರೆ ತಡಾಗವು ಗುಜರಾತಿಯಲ್ಲಿ ‘ತಳಾವ’ವೆಂದೂ ಮರಾಠಿಯಲ್ಲಿ ‘ತಳೇಂ’ ಎಂದೂ ಕ್ರಮವಾಗಿಯೇ ಇಳಿದುಬಂದಿರುವಾಗ, ಅದರಿಂದಲೇ ಅನುನಾಸಿಕವೂ ಟಕಾರವೂ ಕೂಡಿದ ಮತ್ತೊಂದು ರೂಪವು ಹುಟ್ಟಿತೆಂಬುದು ಸುಲಭವಾಗಿ ಒಪ್ಪತಕ್ಕುದಲ್ಲ. ಪಶ್ಚಿಮತೀರದಲ್ಲಿ ಸದೃಶವಾದ ಎರಡು ಶಬ್ದಗಳು ಸಂಧಿಸಿ ಒಂದನ್ನೊಂದು ಬಲಪಡಿಸಿದವೆಂದರೆ ಯುಕ್ತವಾಗಿ ತೋರುತ್ತದೆ.

ಇಲ್ಲಿ ನಮ್ಮ ‘ಕೆರೆ’ ಶಬ್ದವನ್ನೂ ನೋಡತಕ್ಕದ್ದು. ಇದರ ಹಳಗನ್ನಡ ರೂಪ ‘ಕೆಱೆ’. ಕನ್ನಡದ ಪದಾದಿಯ ಕಕಾರವು ಎಕಾರ ಇಕಾರಗಳ ಮುಂದಿರುವಾಗ ತಮಿಳು ತೆಲುಗುಗಳಲ್ಲಿ ಚಕಾರವಾಗುವುದು ಅಧ್ಯಾಪಕರಿಗೆ ವಿದಿತವೇ: ನಮ್ಮ ಕಿವಿ, ತಮಿಳರ ಚೆವಿ. ಅಂತೆಯೇ ಕೆಱೆಗೆ ತೆಲುಗಿನಲ್ಲಿ ‘ಚೆಱುವು’, ಮಲಯಾಳದಲ್ಲಿ ‘ಚಿಱ’, ತಮಿಳಿನಲ್ಲಿ ‘ಚಿಱೈ’. ಈ ತಮಿಳು ಶಬ್ದಕ್ಕೆ ಸೆರೆ, ಕಟ್ಟೆ, ಕೆರೆ ಎಂಬ ಮೂರರ್ಥಗಳೂ ಉಂಟು. ಅಂದರೆ ಕೆರೆಯೆಂಬುದು ಸೆರೆಹಿಡಿದ ನೀರು. ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾವರ್ಗಗಳು ಒಂದೇ ಭಾವದಿಂದ ಹೊರಟಿರುವುದು ಸ್ವಾರಸ್ಯಕರವಾಗಿದೆ.

ಯುದ್ಧರಥದ ಅರ್ಥವು ಕೇವಲ ಆಕಸ್ಮಿಕ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಈ ಯಂತ್ರವು ತಯಾರಾಗುತ್ತಿದ್ದಾಗ, ಗುಟ್ಟು ಹೊರಬೀಳದಂತೆ ನೀರಿನ ತೊಟ್ಟಿಯ ಹೆಸರನ್ನು ಅದಕ್ಕೆ ಇಟ್ಟರು. 1916ನೆಯ ಸೆಪ್ಟೆಂಬರ್ 15ರಂದು ಸೊಮ್ ರಣಭೂಮಿಯಲ್ಲಿ ಅದು ಕಾಣಿಸಿಕೊಂಡ ಮೇಲೆಯೂ ಆ ಸುಳ್ಳು ಹೆಸರೇ ನಿಂತಿತು.

ಮೈಸೂರು ಸೀಮೆಯ ಇಂಗ್ಲಿಷ್ ಬರಹಗಳಲ್ಲಿ ಕೆರೆಯೂ ಟ್ಯಾಂಕೇ, ದೇವಾಲಯದ ಕಲ್ಯಾಣಿಯೂ ಟ್ಯಾಂಕೇ. ಒಂದು ಬೆಳೆಗಾಗಿ, ಒಂದು ಸ್ನಾನಕ್ಕಾಗಿ ಎಂಬ ಭೇದವು ಆ ಒಂದು ಮಾತಿನಲ್ಲಿ ಅಳಿದುಹೋಯಿತು. ಅವುಗಳಿಂದ ಅನುವಾದಿಸುವವರು ಸಂದರ್ಭವನ್ನು ನೋಡದೆ ‘ಕೊಳ’ವೆಂದು ಬರೆದುಬಿಟ್ಟರೆ ಒಂದು ಗ್ರಾಮದ ಗದ್ದೆಬಯಲೇ ಮಾಯವಾಗುತ್ತದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಇವೆಲ್ಲ ಕೂಡಿದರಲ್ಲವೆ ಕೆರೆ! ಅಚ್ಚುಕಟ್ಟಿಗಂತೂ ಇಂಗ್ಲಿಷರು ಬೇರೆ ಮಾತು ಹುಡುಕದೆ ಕನ್ನಡದ ಶಬ್ದವನ್ನೇ ಕಡತಗಳಿಗೆ ತೆಗೆದುಕೊಂಡರು. ಈ ಸೀಮೆಯಲ್ಲಿ ಹೊಸ ಟ್ಯಾಂಕಿಗೆ ಎಡೆ ಹುಡುಕಲು ಜಾಣತನ ಬೇಕೆಂದು ಇಂಜಿನಿಯರ್ ಸ್ಯಾಂಕಿ ಬರೆದುದು ಪ್ರಸಿದ್ಧವಾಗಿದೆ. ಆತನ ಹೆಸರಿನದೇ ಹೊಸ ಟ್ಯಾಂಕು 1882ರಲ್ಲಿ ಯಶವಂತಪುರದ ಸಮೀಪದಲ್ಲಿ ಆದುದು ವಿನೋದ. ಜನರು ಅದನ್ನು ಗಂಧದಕೋಠಿ ಕೆರೆಯೆಂದು ಕರೆದರು.

ಈಚೆಗೆ ಇಂಗ್ಲಿಷಿನಲ್ಲಿ ಹೆಬ್ಬಾಳದ ಕೆರೆಯು ‘ಲೇಕ್’ ಆಗಿದೆ. ಲೇಕ್ ಎಂಬುದು ಮುಖ್ಯವಾಗಿ ತಾನಾಗಿ ಆದ ಸರೋವರ. ಹೆಬ್ಬಾಳದ್ದಾದರೋ ಮನುಷ್ಯರು ಮಣ್ಣು ಹೊತ್ತು ಕಟ್ಟಿದುದು. ಅಚ್ಚುಕಟ್ಟು ಬಡಾವಣೆಯಾಗಿ, ತೂಬಿಗೆ ಕೆಲಸವಿಲ್ಲದೆಹೋಗಿ, ನೀರು ನೋಟಕ್ಕಷ್ಟೇ ಉಳಿದ ಮೇಲೆ ಹೆಸರು ಬದಲಾದುದು ಸಹಜವೇ ಆದರೂ, ಕಟ್ಟಿದವರ ಶ್ರಮವನ್ನು ಮರೆಸುವ ಹೆಸರಿದು. ಕೆರೆಗಳ ರಕ್ಷಣೆಗಾಗಿ 2014ರ ಶಾಸನದಿಂದ ಏರ್ಪಟ್ಟ ರಾಜ್ಯದ ಪ್ರಾಧಿಕಾರದ ಇಂಗ್ಲಿಷ್ ಹೆಸರಿನಲ್ಲಿಯೂ ಮೊದಲು ‘ಲೇಕ್’ ಎಂದಿತ್ತು. 2018ರ ಬದಲಾವಣೆಯ ತರುವಾಯ ‘ಟ್ಯಾಂಕ್’ ಎಂದಾಯಿತು. ಕನ್ನಡದಲ್ಲಿ ಮಾತ್ರ ಎರಡಕ್ಕೂ ಕೆರೆಯೆಂಬ ಮಾತೇ ಸಲ್ಲುತ್ತದೆ.